ಓದುಗರ ಪ್ರಶ್ನೆ: ಹಿಮಾನೇ ನೋಡಿಲ್ಲ, ಸ್ನೋಬೋರ್ಡ್ ಕಲೀಬಹುದಾ ಅಕ್ಕಾ?

ಪ್ರಶ್ನೆ: ಅಕ್ಕಾ ನಮಸ್ತೆ. ನಂಗೆ 24 ವರ್ಷ, ನಮ್ಮನೇದು ಹೂವಿನ ವ್ಯಾಪಾರ, ಬೆಳಗಿನ ಜಾವ ಮಾರ್ಕೆಟ್‌ಗೆ ನಾನೇ ಹೋಗೋದು. ವಿಂಟರ್ ಒಲಿಂಪಿಕ್ಸ್ ನೋಡ್ದಾಗಿಂದ, ಒಂದೇ ಹಲಗೆ ಮೇಲೆ ನಿಂತು ಹಿಮದಲ್ಲಿ ಜಾರ್ತಾರಲ್ಲ, ಆ ಸ್ನೋಬೋರ್ಡಿಂಗ್ ಕಲೀಬೇಕು ಅಂತ ತಲೇಲಿ ಕೂತ್ಬಿಟ್ಟಿದೆ. ಬೋರ್ಡ್ ಆನ್‌ಲೈನಲ್ಲಿ ತಗೊಂಡೇ ಹೋಗ್ಲಾ? ಸ್ಕೀಯಿಂಗೇ ಸುಲಭ ಅಂತಾರಲ್ಲ, ನಿಜಾನಾ? ಅಮ್ಮ ಅಂತೂ ಕೈಕಾಲು ಮುರ್ಕೊಂಡ್ರೆ ಯಾರೇ ನೋಡ್ಕೊಳ್ಳೋರು ಅಂತ ಒಂದೇ ಸಮ.
— ಹೂವಿನಂಗಡಿ ಹುಡುಗಿ, ಚಿಕ್ಕಬಳ್ಳಾಪುರ

ಉತ್ತರ: ನೋಡಮ್ಮ, ಬೋರ್ಡ್ ಈಗ್ಲೇ ತಗೋಬೇಡ. ಅಲ್ಲಿ ಬಾಡಿಗೆಗೆ ಸಿಗುತ್ತೆ, ಮೊದಲ ಸೀಸನ್‌ಗೆ ಅದೇ ಸಾಕು, ನೆಟ್ಟಗೆ ನಿಲ್ಲಿಸಿದ್ರೆ ನಿನ್ನ ಗಲ್ಲದಿಂದ ಮೂಗಿನವರೆಗೆ ಬರೋ ಉದ್ದ, ಸ್ವಲ್ಪ ಮೆತ್ತಗೆ ಬಾಗೋ ಬೋರ್ಡ್ ಕೇಳು. ನೀನು ತಲೆ ಕೆಡಿಸ್ಕೋಬೇಕಾಗಿರೋದು ಬೂಟಿಗೆ. ನಾನು ಕಾಶ್ಮೀರದ ಗುಲ್ಮಾರ್ಗಲ್ಲಿ 33ನೇ ವಯಸ್ಸಲ್ಲಿ ಕಲಿಯೋಕೆ ಹೋದಾಗ ಬಾಡಿಗೆ ಅಂಗಡಿಯವ್ರು ಒಂದು ಸೈಜು ದೊಡ್ಡ ಬೂಟು ಕೊಟ್ಟಿದ್ರು, ಎರಡು ದಿನ ಏನ್ ಮಾಡಿದ್ರೂ ಬೋರ್ಡು ನನ್ ಮಾತೇ ಕೇಳ್ಲಿಲ್ಲ, ಮೂರನೇ ದಿನ ಕೋಚು ನೋಡಿ ಹೇಳಿದ್ಮೇಲೆ ಗೊತ್ತಾಯ್ತು, ಮುಂದಕ್ಕೆ ಬಾಗಿದಾಗೆಲ್ಲ ಹಿಮ್ಮಡಿ ಬೂಟಿನೊಳಗೇ ಮೇಲೇಳ್ತಿತ್ತು, ಕಾಲಿನ ಒತ್ತಡ ಬೋರ್ಡಿಗೆ ಹೋಗ್ತಾನೇ ಇರ್ಲಿಲ್ಲ. ಅದಕ್ಕೇ ಹೇಳೋದು, ಬೆರಳು ಮುಂದೆ ಹಗೂರಕ್ಕೆ ತಾಕ್ಬೇಕು, ಮಂಡಿ ಬಗ್ಗಿಸಿದ್ರೆ ಹಿಮ್ಮಡಿ ಅಲ್ಲಾಡಬಾರ್ದು. ಸಾಕ್ಸ್ ಒಂದೇ ಜೊತೆ, ಚಳಿ ಅಂತ ಎರಡು ಹಾಕ್ಬೇಡ.

ಸ್ಕೀಯಿಂಗ್ ಮೊದಲನೇ ದಿನ ಸುಲಭ ಅನ್ನೋದು ನಿಜ, ಎರಡು ಕಾಲೂ ಬೇರೆ ಬೇರೆ ಇರುತ್ತೆ, ಕೈಲಿ ಕೋಲಿರುತ್ತೆ. ಸ್ನೋಬೋರ್ಡಲ್ಲಿ ಎರಡು ಕಾಲೂ ಒಂದೇ ಹಲಗೆಗೆ ಕಟ್ಟಾಕಿರೋದ್ರಿಂದ ಮೊದಲ ಎರಡು ಮೂರು ದಿನ ಕೂತಿದ್ದೇ ಜಾಸ್ತಿ ಆಗುತ್ತೆ. ಆಮೇಲೆ ಮಾತ್ರ ಬೇಗ ಕೈಗೆ ಹತ್ತುತ್ತೆ. ಚಿಕ್ಕೋರಿದ್ದಾಗ ದೊಡ್ಡ ಸೈಕಲ್ಲಲ್ಲಿ ಒಳಪೆಡಲ್ ಹೊಡ್ಕೊಂಡು ಕಲೀತಿದ್ವಲ್ಲ, ಹಂಗೇ, ಒಂದು ದಿನ ಇದ್ದಕ್ಕಿದ್ದಂಗೆ ಬಂದ್ಬಿಡುತ್ತೆ. ಹಂಗಾಗಿ ಎರಡು ದಿನದ ಪ್ಯಾಕೇಜ್ ಟೂರಲ್ಲಿ ಹೋಗ್ಬೇಡ, ಕಮ್ಮಿ ಅಂದ್ರೂ ಐದಾರು ದಿನ ಇಟ್ಕೋ.

ಮೊದಲು ಕಲಿಯೋದು ಜಾರೋದಲ್ಲ, ನಿಲ್ಲೋದು. ಇಳಿಜಾರಿಗೆ ಬೋರ್ಡ್ ಅಡ್ಡ ಇಟ್ಟು, ಹಿಮ್ಮಡಿ ಕಡೆ ಅಂಚು ಊರಿ ನಿಧಾನಕ್ಕೆ ಕೆಳಗೆ ಜಾರೋದು, ಆಮೇಲೆ ಬೆಟ್ಟಕ್ಕೆ ಮುಖ ಮಾಡಿ ಬೆರಳಿನ ಕಡೆ ಅಂಚಲ್ಲಿ ಅದನ್ನೇ ಮಾಡೋದು. ಅದಾದ್ಮೇಲೆ ಎಲೆ ಗಾಳೀಲಿ ಆಕಡೆ ಈಕಡೆ ತೇಲ್ಕೊಂಡು ಬೀಳುತ್ತಲ್ಲ ಹಂಗೆ ಹೋಗೋದು, ಫಾಲಿಂಗ್ ಲೀಫ್ ಅಂತಾರೆ. ತಿರುವು ಎಲ್ಲ ಅದರ ಮೇಲೇ. ಬೋರ್ಡು ಮಟ್ಟವಾಗಿದ್ದು ಕೆಳಗಡೆ ಅಂಚು ಹಿಮಕ್ಕೆ ಸಿಕ್ಕಾಕೊಂಡ್ರೆ ಕಣ್ಣು ಮಿಟುಕಿಸೋದ್ರೊಳಗೆ ಬಿದ್ದಿರ್ತೀಯ, ಹೊಸಬ್ರಿಗೆ ಜೋರಾಗಿ ಪೆಟ್ಟಾಗೋದು ಹಿಂಗೇ.

ಅಮ್ಮನ ಭಯಾನ ತಳ್ಳಿಹಾಕ್ಬೇಡಮ್ಮ, ಅದ್ರಲ್ಲಿ ಸತ್ಯ ಇದೆ. ಹೊಸಬ್ರು ಬೀಳ್ವಾಗ ಅಂಗೈ ಊರಿಬಿಡ್ತಾರೆ, ಜಾಸ್ತಿ ಏಟಾಗೋದು ಮಣಿಕಟ್ಟಿಗೇ. ಮುಷ್ಟಿ ಬಿಗಿ ಹಿಡಿದು ಮುಂದಕ್ಕೆ ಬಿದ್ರೆ ಮೊಣಕೈ ಕೆಳಗಿನ ಭಾಗದ ಮೇಲೆ, ಹಿಂದಕ್ಕಾದ್ರೆ ಗಲ್ಲ ಎದೆಗೆ ಒತ್ತಿ, ಕುಂಡಿ ಊರಿ ಬೆನ್ನಿನ ಮೇಲೆ ಉರುಳ್ಬೇಕು. ಇದನ್ನ ಮನೇಲೇ ಹಾಸಿಗೆ ಹಾಸ್ಕೊಂಡು ದಿನಾ ಮಾಡು, ಅಮ್ಮನ ಕಣ್ಣೆದುರಿಗೇ ಮಾಡು. ಹೆಲ್ಮೆಟ್, ರಿಸ್ಟ್ ಗಾರ್ಡ್ ಎರಡೂ ಬೇಕೇ ಬೇಕು, ರಿಸ್ಟ್ ಗಾರ್ಡ್ ಇಲ್ಲಿಂದ್ಲೇ ತಗೊಂಡ್ಹೋಗು.

ಸಾಕ್ಸ್ ಹಾಕ್ಕೊಂಡು ನುಣುಪು ನೆಲದ ಮೇಲೆ ಓಡಿ ಬಂದು ಜಾರಿ ನೋಡು, ತಾನಾಗೇ ಯಾವ ಕಾಲು ಮುಂದೆ ಬರುತ್ತೋ ಬೋರ್ಡಲ್ಲೂ ಸಾಮಾನ್ಯವಾಗಿ ಅದೇ ಮುಂದೆ. ಎಡ ಆದ್ರೆ ರೆಗ್ಯುಲರ್, ಬಲ ಆದ್ರೆ ಗೂಫಿ, ಎರಡೂ ಸರಿ. ಇನ್ನು ತೊಡೆಗೆ ಬಲ ಬೇಕಲ್ಲ, ಅದಕ್ಕೆ ಪಕ್ಕದಲ್ಲೇ ಇದ್ಯಲ್ಲ ನಂದಿಬೆಟ್ಟ, ಸುಲ್ತಾನಪೇಟೆ ಕಡೆಯಿಂದ ಮೆಟ್ಟಿಲು ಹತ್ತು, ಇಳಿಯೋದನ್ನ ಮಾತ್ರ ನಿಧಾನಕ್ಕೆ, ಮಂಡಿ ಬಗ್ಗಿಸ್ಕೊಂಡು ಇಳಿ.

ಹೋಗೋದಾದ್ರೆ ಗುಲ್ಮಾರ್ಗೇ ನನ್ನ ಆಯ್ಕೆ, ಉತ್ತರಾಖಂಡದ ಔಲಿನೂ ಇದೆ. ಗುಲ್ಮಾರ್ಗಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, ಸ್ನೋಬೋರ್ಡ್ ಬ್ಯಾಚ್ ಯಾವಾಗ ಅಂತ ಮೊದಲೇ ವಿಚಾರ್ಸು. ಡಿಸೆಂಬರ್ 21ರಿಂದ 40 ದಿನ ಅಲ್ಲಿ ಚಿಲ್ಲೈ ಕಲಾನ್ ಅಂತಾರೆ, ಕಡುಚಳಿ. ನೀನು ಪ್ರೇಮಿಗಳ ದಿನದ ಗುಲಾಬಿ ಗದ್ದಲ ಮುಗಿಸ್ಕೊಂಡು ಹೊರಡು, ಆಗ್ಲೂ ಹಿಮ ಚೆನ್ನಾಗಿರುತ್ತೆ. ಶ್ರೀನಗರದಿಂದ ಸುಮಾರು 50 ಕಿ.ಮೀ., ದಾರೀಲಿ ಸಿಗೋ ತಂಗ್ಮಾರ್ಗ್‌ನಿಂದ ಮೇಲೆ ಚಕ್ರಕ್ಕೆ ಚೈನ್ ಹಾಕಿದ ಗಾಡಿ ಬೇಕಾಗುತ್ತೆ. ನಂದಿಬೆಟ್ಟ 1,478 ಮೀಟರ್ ಎತ್ತರ ಆದ್ರೆ ಗುಲ್ಮಾರ್ಗ್ ಸುಮಾರು 2,650, ಹೋದ ದಿನ ರೆಸ್ಟ್ ಮಾಡು. ಜೀನ್ಸ್, ಕಾಟನ್ ಬೇಡ, ಒದ್ದೆ ಆದ್ರೆ ಮೈ ಕೊರೆಯುತ್ತೆ, ಒಳಗೆ ಥರ್ಮಲ್, ಮೇಲೆ ನೀರಿಳಿಯದ ಜಾಕೆಟ್ ಪ್ಯಾಂಟ್. ಗಾಗಲ್ಸ್, ಸನ್‌ಸ್ಕ್ರೀನ್ ಮರೀಬೇಡ, ಹೊಸ ಹಿಮ ಬಿಸಿಲಿನ ಯುವಿ ಕಿರಣನ 80% ತನಕ ವಾಪಸ್ ಎರಚುತ್ತೆ. ಫೋನು ಪೋಸ್ಟ್‌ಪೇಯ್ಡ್ ಇರ್ಲಿ, ಹೊರಗಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ, ಅಮ್ಮಂಗೆ ದಿನಾ ಸಂಜೆ ಫೋನ್ ಮಾಡ್ಬೇಕಲ್ಲ.

ಪ್ರಶ್ನೆ: ಗುಲ್ಮಾರ್ಗಲ್ಲಿ ಮೂರು ದಿನ ಕಲಿತು ಗೊಂಡೊಲಾದಲ್ಲಿ (ಕೇಬಲ್ ಕಾರಲ್ಲಿ) ತುದಿಗೆ ಹೋಗಿ ಅಲ್ಲಿಂದ ಬೋರ್ಡಲ್ಲಿ ಇಳೀಬಹುದಾ ಮೇಡಂ?
— ಓದುಗ, ತುಮಕೂರು

ಉತ್ತರ: ದಯವಿಟ್ಟು ಬೇಡಪ್ಪ. ಎರಡನೇ ಹಂತದ ಗೊಂಡೊಲಾ ನಿಮ್ಮನ್ನ ಇಳಿಸೋದು ಅಫರ್ವತ್ ಬೆಟ್ಟದ ಮೇಲೆ, ಹತ್ತಿರ ಹತ್ತಿರ 4,000 ಮೀಟರ್. ಅಲ್ಲಿ ಹಿಮಕುಸಿತ ಆಗುತ್ತೆ, 2023ರ ಫೆಬ್ರವರಿ 1ರಂದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಅದ್ರಲ್ಲೇ ತೀರ್ಕೊಂಡ್ರು. ಕೆಳಗಿನ ಬಯಲಲ್ಲಿ ಎರಡೂ ಅಂಚಲ್ಲಿ ಕೇಳಿದ ಕಡೆ ನಿಲ್ಲೋಕೆ ಬಂದ್ಮೇಲೆ, ಕೋಚ್ ಜೊತೇಲೇ ಬರ್ತೀನಿ ಅಂದ್ರೆ ಮೊದಲ ಹಂತದ ಕೊಂಗ್ಡೋರಿಗೆ ಹೋಗಿ.