ಲೀನಿಯರ್ ಆಲ್ಜೀಬ್ರವೋ, ಪೈಥಾನೋ?

ಪ್ರಶ್ನೆ: ಭೌತವಿಜ್ಞಾನ ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಮುಂದಿನ ಸೆಮಿಸ್ಟರ್‌ಗೆ ಲೀನಿಯರ್ ಆಲ್ಜೀಬ್ರ (ಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ, ಅಂದರೆ ಮ್ಯಾಟ್ರಿಕ್ಸ್‌ಗಳ ಗಣಿತ), ಪೈಥಾನ್ ಪ್ರೋಗ್ರಾಮಿಂಗ್ ಎರಡರಲ್ಲಿ ಒಂದನ್ನು ಮಾತ್ರ ಆಯ್ದುಕೊಳ್ಳಬಹುದು. ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡುವಾಗ ಗಣಿತ ಏಕೆ ಎಂದು ಗೆಳತಿಯರು ಕೇಳುತ್ತಾರೆ. ಯಾವುದನ್ನು ಆರಿಸಲಿ?

ಉತ್ತರ: ಲೀನಿಯರ್ ಆಲ್ಜೀಬ್ರ. ಪ್ರತಿ ಸೆಮಿಸ್ಟರ್ ಶುರುವಾಗುವಾಗಲೂ ಈ ಪ್ರಶ್ನೆ ಬರುತ್ತದೆ, 'ಕಂಪ್ಯೂಟರೇ ಮಾಡುತ್ತದೆ' ಎಂಬ ಬಾಲವೂ ತಪ್ಪದೆ ಜೊತೆಗಿರುತ್ತದೆ. ಆ ಬಾಲವೇ ನನಗೆ ಸಿಟ್ಟು ತರಿಸುವುದು.

ಸ್ಪ್ರಿಂಗ್‌ಗೆ ಕಟ್ಟಿದ ಒಂದು ತೂಕವನ್ನು ತೆಗೆದುಕೊಳ್ಳಿ. ಘರ್ಷಣೆ ಇಲ್ಲ, ಹಾಗಾಗಿ ಶಕ್ತಿ ಬದಲಾಗಬಾರದು. ಕೋನೀಯ ಆವೃತ್ತಿ (ಎಷ್ಟು ಬೇಗ ತೂಗುತ್ತದೆ ಎಂಬುದರ ಅಳತೆ) 1. ಪೈಥಾನ್ ಕಲಿತ ಎರಡನೇ ವಾರಕ್ಕೆ ಯಾರಾದರೂ ಇದನ್ನು ಬರೆಯಬಲ್ಲರು: ಈಗಿನ ವೇಗದಿಂದ ಮುಂದಿನ ಸ್ಥಾನ, ಈಗಿನ ಸ್ಥಾನದಿಂದ ಮುಂದಿನ ವೇಗ, ಕಾಲದ ಹೆಜ್ಜೆ 0.1. ಪ್ರೋಗ್ರಾಮ್ ಓಡುತ್ತದೆ, ಒಂದು ದೋಷವನ್ನೂ ತೋರಿಸುವುದಿಲ್ಲ, ಚೆಂದದ ಅಲೆಯನ್ನೂ ಬಿಡಿಸುತ್ತದೆ. ಆದರೆ 100 ಹೆಜ್ಜೆ ಕಳೆಯುವಷ್ಟರಲ್ಲಿ, ಅಂದರೆ ತೂಕ ಒಂದೂವರೆ ಸಲ ತೂಗಿ ಮುಗಿಸುವಷ್ಟರಲ್ಲಿ, ಅದರ ಶಕ್ತಿ 2.7 ಪಟ್ಟಾಗಿರುತ್ತದೆ! ಎಲ್ಲಿಂದ ಬಂತು ಆ ಶಕ್ತಿ?

ಪ್ರತಿ ಹೆಜ್ಜೆಯನ್ನೂ ಎರಡು ಸಾಲು, ಎರಡು ಕಂಬಸಾಲಿನ ಒಂದು ಮ್ಯಾಟ್ರಿಕ್ಸ್ ಆಗಿ ಬರೆದು ನೋಡಿ. ಅದರ ಐಗನ್ ಮೌಲ್ಯಗಳ (ಹೆಜ್ಜೆಗೊಮ್ಮೆ ಚಲನೆ ಎಷ್ಟು ಪಟ್ಟು ಹಿಗ್ಗುತ್ತದೆ ಎಂದು ಹೇಳುವ ಸಂಖ್ಯೆಗಳ) ಪರಿಮಾಣ ಸುಮಾರು 1.005, ಒಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಶಕ್ತಿ ಈ ಪರಿಮಾಣದ ವರ್ಗದಂತೆ ಬೆಳೆಯುವುದರಿಂದ ಹೆಜ್ಜೆಗೊಮ್ಮೆ ಅದು ಶೇ 1ರಷ್ಟು ಉಬ್ಬುತ್ತದೆ. ಪರಿಹಾರ ಒಂದೇ ಸಾಲಿನದು: ಮೊದಲು ವೇಗವನ್ನು ಬದಲಿಸಿ, ಆ ಹೊಸ ವೇಗದಿಂದಲೇ ಸ್ಥಾನವನ್ನು ಲೆಕ್ಕ ಹಾಕಿ. ಈಗ ಐಗನ್ ಮೌಲ್ಯಗಳ ಪರಿಮಾಣ ಸರಿಯಾಗಿ 1. ಶಕ್ತಿ ತುಸು ಏರಿಳಿದರೂ ಹದ್ದು ಮೀರುವುದಿಲ್ಲ. ಈ ಸಾಲು ಎಲ್ಲಿ ಬದಲಾಗಬೇಕು, ಏಕೆ ಬದಲಾಗಬೇಕು ಎಂಬುದನ್ನು ಪೈಥಾನ್ ತರಗತಿ ಹೇಳಿಕೊಡುವುದಿಲ್ಲ. ಮುಂದಿನ ವರ್ಷ ಕ್ವಾಂಟಮ್ ಮೆಕ್ಯಾನಿಕ್ಸ್ ಓದುವಾಗ ಪರಮಾಣುವಿನ ಶಕ್ತಿಮಟ್ಟಗಳೆಲ್ಲ ಇದೇ ಐಗನ್ ಮೌಲ್ಯಗಳಾಗಿ ಎದುರು ನಿಲ್ಲುತ್ತವೆ. ಆಗ ಕಲಿಯುತ್ತೇನೆಂದರೆ ಭೌತವಿಜ್ಞಾನವೂ ಕೈತಪ್ಪುತ್ತದೆ, ಗಣಿತವೂ ದಕ್ಕುವುದಿಲ್ಲ.

ಹಾಗೆಂದು ಪ್ರೋಗ್ರಾಮಿಂಗ್ ಬಿಡಿ ಎನ್ನುತ್ತಿಲ್ಲ. ವಿಜ್ಞಾನಿಗಳಾದ ಫರ್ಮಿ, ಪಾಸ್ತಾ, ಉಲಾಮ್ ಅವರ 1955ರ ವರದಿಯನ್ನೇ ನೋಡಿ. ಸರಪಳಿಯಂತೆ ಜೋಡಿಸಿದ ಕಣಗಳಲ್ಲಿ ಒಂದೇ ಕಂಪನ ವಿಧಾನಕ್ಕೆ (ಇಡೀ ಸರಪಳಿ ಒಂದೇ ಆವೃತ್ತಿಯಲ್ಲಿ ತೂಗುವ ಒಂದು ಬಗೆಗೆ) ಕೊಟ್ಟ ಶಕ್ತಿ ಎಲ್ಲ ವಿಧಾನಗಳಿಗೂ ಹಂಚಿಹೋಗುತ್ತದೆಂದು ಅವರು ನಿರೀಕ್ಷಿಸಿದ್ದರು. ಮೇರಿ ಸಿಂಗೌ ಅವರು ಮ್ಯಾನಿಯಾಕ್ ಎಂಬ ಆರಂಭಕಾಲದ ಕಂಪ್ಯೂಟರ್ ಯಂತ್ರಕ್ಕೆ ಬರೆದ ಪ್ರೋಗ್ರಾಮ್ ತೋರಿಸಿದ್ದೇ ಬೇರೆ: ಶಕ್ತಿ ಬಹುಪಾಲು ಮೊದಲ ವಿಧಾನಕ್ಕೇ ಮರಳಿತು. ಯಂತ್ರವಿಲ್ಲದೆ ಅದು ಕಾಣುತ್ತಿರಲಿಲ್ಲ, ನಿಜ. ಆದರೆ ಕಂಪನ ವಿಧಾನ ಎಂಬ ಲೀನಿಯರ್ ಆಲ್ಜೀಬ್ರದ ಕಲ್ಪನೆ ಏನೆಂದು ತಿಳಿಯದವರಿಗೆ ಆ ಅಂಕಿಗಳಲ್ಲಿ ಅಚ್ಚರಿಯೇ ಕಾಣಿಸುತ್ತಿರಲಿಲ್ಲ. ಪೈಥಾನನ್ನು ರಜೆಯಲ್ಲಿ ನೀವೇ ಕಲಿಯಿರಿ, ದಿನಕ್ಕೊಂದು ಗಂಟೆ ಸಾಕು. ಲೀನಿಯರ್ ಆಲ್ಜೀಬ್ರವನ್ನು ಹಾಗೆ ಒಬ್ಬರೇ ಕಲಿತು ಮುಗಿಸಿದವರನ್ನು ನಾನು ಕಂಡದ್ದು ಬಹಳ ಕಡಿಮೆ. ತಪ್ಪನ್ನು ತಿದ್ದುವವರು ಬೇಕು.

ಲೀನಿಯರ್ ಆಲ್ಜೀಬ್ರವನ್ನು ಈಗಾಗಲೇ ಓದಿ ಮುಗಿಸಿದ್ದರೆ ಮಾತು ಬೇರೆ. ಆಗ ಸಂಖ್ಯಾತ್ಮಕ ವಿಧಾನಗಳ (ಸಮೀಕರಣಗಳನ್ನು ಕಂಪ್ಯೂಟರಿನಿಂದ ಅಂದಾಜಾಗಿ ಬಿಡಿಸುವ ಬಗೆಗಳ) ಕೋರ್ಸ್ ಇದೆಯೇ ಎಂದು ವಿಚಾರಿಸಿ.

ಪ್ರಶ್ನೆ: ಪೈಥಾನ್, ಸಿ++, ಫೋರ್ಟ್ರಾನ್: ಯಾವುದರಿಂದ ಆರಂಭಿಸಲಿ?

ಉತ್ತರ: ನಿಮ್ಮ ಮಾರ್ಗದರ್ಶಕರು ಬಳಸುವ ಭಾಷೆಯಿಂದ.

ಪ್ರಶ್ನೆ: ಮೂರು ವಾರದಲ್ಲಿ ಡೇಟಾ ವಿಜ್ಞಾನಿಯಾಗಿಸುವ ಸರ್ಟಿಫಿಕೇಟ್ ಕೋರ್ಸ್‌ಗೆ ಸೇರಬಹುದೇ?

ಉತ್ತರ: ಬೇಡ. ಮೂರು ವಾರದಲ್ಲಿ ವಿಜ್ಞಾನಿಯನ್ನು ತಯಾರಿಸುತ್ತೇವೆ ಎನ್ನುವವರು ಹುಡುಗರ ಆತಂಕವನ್ನು ಮಾರಿಕೊಂಡು ಬದುಕುತ್ತಿದ್ದಾರೆ.

ಪ್ರಶ್ನೆ: ಗಣಿತದ ತಲೆ ನನಗೆ ಹುಟ್ಟಿನಿಂದಲೇ ಇಲ್ಲ. ಪ್ರೋಗ್ರಾಮಿಂಗ್‌ನಿಂದ ಅದನ್ನು ತುಂಬಿಕೊಳ್ಳಬಹುದೇ?

ಉತ್ತರ: ಅಂಥ ತಲೆ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ. ಕಳೆದ ವಾರ ಬಿಡಿಸಲಾಗದ ಲೆಕ್ಕವನ್ನು ಉತ್ತರ ನೋಡದೆ ಇವತ್ತು ಮತ್ತೊಮ್ಮೆ ಬಿಡಿಸಲು ಕುಳಿತುಕೊಳ್ಳಿ. ಎಲ್ಲಿ ನಿಂತಿತೋ ಆ ಸಾಲನ್ನು ನನಗೆ ಬರೆದು ಕಳುಹಿಸಿ.