ಕೈಹಿಡಿತಕ್ಕೂ ಪಿಂಚಣಿಗೂ ಏನು ನಂಟು?

ಪ್ರಶ್ನೆ: ವೃದ್ಧಾಪ್ಯದ ಸಮೀಕ್ಷೆಗಳಲ್ಲಿ ಕೈಹಿಡಿತದ ಬಲ ಅಳೆದು, ಸಾಲ, ಪಿಂಚಣಿಯನ್ನೂ ಯಾಕೆ ಕೇಳುತ್ತಾರೆ? ಅಪ್ಪನಿಗೆ ಅಡಿಕೆ ತೋಟದ ಕೆಲಸ.
– ಓದುಗರು, ಬದಿಯಡ್ಕ

ಉತ್ತರ: 2017-18ರಲ್ಲಿ 45 ದಾಟಿದವರೂ ಅವರ ಸಂಗಾತಿಗಳೂ ಸೇರಿ 72,000ಕ್ಕೂ ಹೆಚ್ಚು ಮಂದಿಯನ್ನು ಮಾತಾಡಿಸಿದ, ಭಾರತದ ವೃದ್ಧಾಪ್ಯ ಕುರಿತ 'ಲಾಸಿ' ಅಧ್ಯಯನವೂ ಹೀಗೆಯೇ ನಡೆಯಿತು. ಹಿಡಿತ ಸಡಿಲಾದರೆ ಅಡಿಕೆ ಸುಲಿಯಲಾಗದು. ಕೂಲಿ ಅಲ್ಲಿಗೇ ನಿಂತಿತು. ತೋಟದ ಕೆಲಸದವರಿಗೆ ನಿವೃತ್ತಿಯ ದಿನಾಂಕವೆಲ್ಲಿದೆ, ಹೇಳಿ! ಹಾಗಾಗಿ ದೇಹ, ದುಡಿಮೆ, ದುಡ್ಡು ಮೂರನ್ನೂ ಒಬ್ಬರಲ್ಲೇ ಕೇಳಬೇಕು. ಕೆಲವು ವರ್ಷ ಬಿಟ್ಟು ಅವರನ್ನೇ ಮತ್ತೆ ಕೇಳದಿದ್ದರೆ ಕಾಯಿಲೆ ಮೊದಲೋ ಬಡತನ ಮೊದಲೋ ತಿಳಿಯದು.

ಅಳೆಯುವಾಗ ತೋಳನ್ನು ಮೈಗೊತ್ತಿ, ಮೊಣಕೈಯನ್ನು ಲಂಬಕೋನಕ್ಕೆ ಮಡಚಿ, ಅಳತೆ ಸಾಧನದ ಹಿಡಿಯನ್ನು ಒಂದೇ ಸಮನೆ ಹಿಂಡಬೇಕು. ಒಂದೊಂದು ಕೈಗೆ ಎರಡು ಸಲ. ತೋಳು ಬೀಸಿದರೆ ಅಂಕಿ ಸುಳ್ಳಾಗುತ್ತದೆ. ಇಷ್ಟವಿಲ್ಲದ ಪ್ರಶ್ನೆಗೆ ಉತ್ತರಿಸದಿರಬಹುದು. ಒಟಿಪಿ ಕೇಳಿದರೆ ಮಾತ್ರ ಅದು ಸಮೀಕ್ಷೆಯೇ ಅಲ್ಲ.