ಹೆಸರಿನ ಪಕ್ಕ ಏನಿರಬೇಕು, ಮೇಷ್ಟ್ರೇ?

(ತೀರ್ಥಹಳ್ಳಿಯ ನಿವೃತ್ತ ಅಧ್ಯಾಪಕರೊಬ್ಬರ ಪತ್ರದ ಸಾರ: "ಕಳೆದ ಸಂಚಿಕೆಯ ಅಡಿಕೆ ಕೊಳೆರೋಗದ ಚರ್ಚೆಯಲ್ಲಿ ಸಸ್ಯರೋಗ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದವರ ಪತ್ರವಿದೆ. ತಾವೇ ಹೇಳಿಕೊಂಡಂತೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರ ಪತ್ರವೂ ಇದೆ. ಇಬ್ಬರಿಗೂ ಬರೀ ಹೆಸರು, ಊರು. ಓದುಗರು ಯಾರನ್ನು ನಂಬಬೇಕು? ಹೆಸರಿನ ಜೊತೆ ಪದವಿ ಹಾಕಿ. ಓದಿದವರಿಗೆ ಅಷ್ಟೂ ಮರ್ಯಾದೆ ಬೇಡವೇ?")

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರದಲ್ಲಿ ಸಿಟ್ಟಿದೆ. ಆದರೆ ಪ್ರಶ್ನೆ ಸರಿಯಾಗಿದೆ.

ಹಿಂದೆ ನಾವೂ ಪದವಿ ಹಾಕುತ್ತಿದ್ದೆವು. ಬಿಟ್ಟಿದ್ದು ಯಾಕೆ ಅಂತ ಹೇಳುತ್ತೇನೆ. ಒಮ್ಮೆ ಸಕ್ಕರೆ ಕಾಯಿಲೆಯ ಬಗ್ಗೆ ಒಂದು ಬರಹ ಬಂತು. ಹೆಸರಿನ ಹಿಂದೆ 'ಡಾ.' ಇತ್ತು. ಹಾಗೇ ಅಚ್ಚು ಹಾಕಿದೆವು. ನಾಲ್ಕೇ ದಿನಕ್ಕೆ ಒಬ್ಬರು ಫೋನ್ ಮಾಡಿ, "ಡಾಕ್ಟ್ರು ಬರೆದಿದ್ದಾರಲ್ಲ, ಮಾತ್ರೆ ಅರ್ಧ ಮಾಡಲಾ?" ಎಂದು ಕೇಳಿದರು. ವಿಚಾರಿಸಿದರೆ ಲೇಖಕರ ಡಾಕ್ಟರೇಟು ವಾಣಿಜ್ಯಶಾಸ್ತ್ರದ್ದು! ಅವರು ಸುಳ್ಳು ಹೇಳಿರಲಿಲ್ಲ. ಕೇಳದೇ ಇದ್ದದ್ದು ನಮ್ಮ ತಪ್ಪು.

ಆಗ ಇನ್ನೊಂದೂ ಆಗುತ್ತಿತ್ತು. ಪದವಿ ಇಲ್ಲದವರು ಬರೆಯಲು ಹಿಂಜರಿಯುತ್ತಿದ್ದರು. ಬೀಜ ಕಾಪಾಡುವ ಬಗ್ಗೆ ಚೆಂದದ ಪತ್ರ ಬರೆದ ಅಮ್ಮ ಒಬ್ಬರು ಕೊನೆಯಲ್ಲಿ, "ನಾನು ಓದಿದವಳಲ್ಲ, ಹೆಸರು ಹಾಕಬೇಡಿ" ಎಂದಿದ್ದರು. ಅದನ್ನು ಓದಿ ನನಗೇ ನಾಚಿಕೆಯಾಯಿತು.

ಇನ್ನು, ಪದವಿ ನಿಜವೋ ಸುಳ್ಳೋ ಅಂತ ನೋಡುವವರು ಯಾರು? ಪದವಿ ಕೊಡುವ ಅಧಿಕಾರ ಯಾರಿಗಿದೆ ಎಂದು 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆ ಹೇಳುತ್ತದೆ. ಆದರೂ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ಮತ್ತೆ ಮತ್ತೆ ಹೊರಡಿಸಬೇಕಾಗುತ್ತಿದೆ. ಮೂರು ಮೇಜಿನ ನಮ್ಮ ಆಫೀಸು ಯಾರ ಸರ್ಟಿಫಿಕೇಟು ತರಿಸಿ ನೋಡೀತು?

ವಿಕಿಪೀಡಿಯಾಕ್ಕೂ ಇದೇ ಪೇಚು ಬಂದಿತ್ತು. ಅಲ್ಲಿ ಬಹಳ ಕೆಲಸ ಮಾಡುತ್ತಿದ್ದ ಒಬ್ಬರು ತಾನು ದೇವತಾಶಾಸ್ತ್ರದ ಪ್ರೊಫೆಸರು, ಪಿಎಚ್.ಡಿ. ಆಗಿದೆ ಎಂದು ಹೇಳಿಕೊಂಡಿದ್ದರು. 2006ರಲ್ಲಿ ಅಮೆರಿಕದ ಹೆಸರಾಂತ ಪತ್ರಿಕೆಯೊಂದು ಅದನ್ನು ನಂಬಿ ಹಾಗೇ ಬರೆಯಿತು. 2007ರಲ್ಲಿ ನೋಡಿದರೆ ಅವರು 24 ವರ್ಷದ ಹುಡುಗ, ಆ ಪದವಿ ಯಾವುದೂ ಇರಲಿಲ್ಲ. ಬರೆಯುವವರ ಪದವಿ ಪರಿಶೀಲಿಸೋಣ ಎಂಬ ಸಲಹೆ ಅಲ್ಲಿ ಬಂತು, ನಿಯಮವಾಗಲಿಲ್ಲ. ಯಾರೇ ಬರೆಯಲಿ, ಹೇಳಿದ್ದಕ್ಕೆ ಆಧಾರ ಕೊಡಿ ಎಂಬ ಹಳೇ ಪದ್ಧತಿಯೇ ಉಳಿಯಿತು. ನನಗೆ ಅದು ಸರಿ ಅನ್ನಿಸುತ್ತದೆ.

ಈಗ ಕೊಳೆರೋಗಕ್ಕೇ ಬರೋಣ. ಆ ಎರಡು ಪತ್ರಗಳನ್ನು ಇನ್ನೊಮ್ಮೆ ಓದಿ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು: ಕೊಳೆರೋಗಕ್ಕೆ ಹೊಡೆಯುವ ಮದ್ದಾದ ಬೋರ್ಡೋ ದ್ರಾವಣದ ಲೆಕ್ಕ ಇಬ್ಬರದ್ದೂ ಒಂದೇ. ದ್ರಾವಣದಲ್ಲಿ ಹುಳಿ ಗುಣ ಉಳಿಯಬಾರದು, ಲಿಟ್ಮಸ್ ಕಾಗದದಲ್ಲಿ ನೋಡಿಕೊಳ್ಳಿ ಎಂದು ವಿಜ್ಞಾನಿ ಬರೆದಿದ್ದಾರೆ. ಡ್ರಮ್ಮಿಗೆ ಕತ್ತಿ ಅದ್ದಿ ತೆಗೆಯಿರಿ, ಅಲಗು ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ ಎಂದು ಕೃಷಿಕರು ಬರೆದಿದ್ದಾರೆ. ಹುಳಿ ಉಳಿದಿದ್ದರೆ ತಾಮ್ರ ಕಬ್ಬಿಣಕ್ಕೆ ಹತ್ತುತ್ತದೆ. ಇಬ್ಬರೂ ಹೇಳಿದ್ದು ಅದನ್ನೇ. ಮಳೆಗೆ ಮೊದಲು ಮದ್ದು ಹೊಡೆಸುವ ಗಡಿಬಿಡಿಯಲ್ಲಿ ತೋಟದವರ ಕೈಗೆ ಮೊದಲು ಸಿಗುವುದು ಕತ್ತಿ, ಅಲ್ವಾ?

ನಿಮ್ಮ ಕಡೆಯ ಕಥೆಯನ್ನು ನಿಮಗೇ ಹೇಳುವುದು ಅಧಿಕಪ್ರಸಂಗ, ಆದರೂ ಹೇಳುತ್ತೇನೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಡಾಕ್ಟರೇಟ್ ಆದವರು. ಕೊಳೆರೋಗ ತರುವ ಶಿಲೀಂಧ್ರ ಯಾವುದೆಂದು ಪತ್ತೆ ಮಾಡಿದರು, ಬೋರ್ಡೋ ದ್ರಾವಣ ಹೊಡೆಯಿರಿ ಎಂದರು. ಅದಕ್ಕೂ ಮೊದಲಿನಿಂದ ಮಲೆನಾಡಿನವರು ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. ಶಿಲೀಂಧ್ರದ ಹೆಸರು ಅವರಿಗೆ ಗೊತ್ತಿರಲಿಲ್ಲ. ನೀರು ತಾಗಿದ ಗೊನೆ ಉದುರುತ್ತದೆ ಎಂಬುದು ಗೊತ್ತಿತ್ತು. ಕೋಲ್ಮನ್ ಇಂದು ಪತ್ರ ಬರೆದರೆ ಹಾಕುತ್ತೇನೆ, ಕೊಟ್ಟೆ ಕಟ್ಟಿದವರು ಬರೆದರೂ ಹಾಕುತ್ತೇನೆ. ಅಕ್ಷರ ಒಂದೇ ಗಾತ್ರದ್ದು.

ಒಂದು ಕಡೆ ಮಾತ್ರ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಬೋರ್ಡೋ ದ್ರಾವಣವನ್ನು ಓದುಗರು ತಾವೇ ಪರೀಕ್ಷಿಸಿಕೊಳ್ಳಬಹುದು, ಮಾತ್ರೆಯನ್ನು ಹಾಗೆ ಮಾಡಲಾಗದು. ವೈದ್ಯರು ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲೂ ಚೀಟಿಯಲ್ಲೂ ತೋರಿಸಬೇಕು, ಹೆಸರಿನ ಮುಂದೆ ಮಾನ್ಯತೆ ಪಡೆದ ಪದವಿಗಳನ್ನೇ ಹಾಕಿಕೊಳ್ಳಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮದಲ್ಲಿದೆ. ಇನ್ನು ಮುಂದೆ ಆರೋಗ್ಯದ ಬರಹಗಳಿಗೆ ನಾವೂ ನೋಂದಣಿ ಸಂಖ್ಯೆ ಕೇಳಿಯೇ ಅಚ್ಚು ಹಾಕುತ್ತೇವೆ.

ಉಳಿದ ಚರ್ಚೆಗಳಿಗೆ ಹೀಗೆ ಮಾಡೋಣ ಅಂತಿದ್ದೇವೆ. ಪ್ರತಿ ಪತ್ರದ ಕೆಳಗೆ ಒಂದು ಸಾಲು: ಬರೆದವರಿಗೆ ಈ ವಿಷಯ ಹೇಗೆ ಗೊತ್ತು? 'ಅಡಿಕೆಯ ಶಿಲೀಂಧ್ರ ರೋಗಗಳ ಬಗ್ಗೆ ಸಂಶೋಧನೆ ಮಾಡಿದವರು' ಎಂದು ಒಬ್ಬರಿಗೆ. 'ಎರಡು ಎಕರೆ ತೋಟ, 30 ಮಳೆಗಾಲ' ಎಂದು ಇನ್ನೊಬ್ಬರಿಗೆ. ಚರ್ಚೆಗೆ ಸಂಬಂಧವಿಲ್ಲದ ಪದವಿ, ಬಿರುದು, ಗೌರವ ಡಾಕ್ಟರೇಟು ಯಾವುದೂ ಇಲ್ಲ.

ಅಂದಹಾಗೆ, ನೀವು ಪತ್ರದಲ್ಲಿ ಹೆಸರಿನ ಮುಂದೆ 'ಎಂ.ಎ., ಎಂ.ಫಿಲ್. (ಇಂಗ್ಲಿಷ್)' ಎಂದು ಬರೆದಿದ್ದೀರಿ. ಎರಡನೇ ಪುಟದ ಅಂಚಿನಲ್ಲಿ, ಹೋದ ವರ್ಷ ಎರಡನೇ ಮದ್ದು ತಡವಾಗಿ ಅರ್ಧ ಫಸಲು ಹೋಯಿತು ಎಂದೂ ಬರೆದಿದ್ದೀರಿ. ಮುಂದಿನ ಸಂಚಿಕೆಯ ಚರ್ಚೆಗೆ ನಮಗೆ ಬೇಕಾದದ್ದು ಆ ಅಂಚಿನಲ್ಲಿರುವುದು. ಎಷ್ಟು ದಿನ ತಡವಾಯಿತು, ಯಾಕೆ, ವಿವರವಾಗಿ ಬರೆದು ಕಳಿಸುತ್ತೀರಾ?

— ಸಂಪಾದಕ